ಕೆಂಪಮ್ಮನ ಬೋನಸ್ ಕೆಂಚಮ್ಮನಿಗೆ: ಒಂದೇ ಥರದ ಹೆಸರುಗಳನ್ನು ಕಂಪ್ಯೂಟರ್‌ನಲ್ಲಿ ಹೊಂದಿಸುವುದು ಹೇಗೆ?

ಬೆಲ್ಲದಚ್ಚು

ಎಲ್ಲರಿಗೂ ನಮಸ್ಕಾರ. ನಮ್ಮೂರು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿ. ನಾನಿರುವುದು ಮೈಸೂರಿನಲ್ಲಿ, ಶನಿವಾರ ಭಾನುವಾರ ಊರಿಗೆ ಹೋಗುತ್ತೇನೆ. ಅಪ್ಪ ಊರಿನ ಹಾಲಿನ ಡೇರಿಯ ಲೆಕ್ಕ ನೋಡಿಕೊಳ್ಳುತ್ತಾರೆ. "ಕಂಪ್ಯೂಟರ್ ಓದಿದ್ದೀಯಲ್ಲ, ಇದೊಂದು ಮಾಡಿಕೊಡು" ಅಂತ ಎರಡು ಪಟ್ಟಿ ಕೈಗಿಟ್ಟಿದ್ದಾರೆ. ಒಂದು ಡೇರಿ ಸದಸ್ಯರದ್ದು, ಕನ್ನಡದಲ್ಲಿದೆ. ಹಳೇ ರಿಜಿಸ್ಟರ್ ನೋಡಿಕೊಂಡು ಡಿಟಿಪಿಯಲ್ಲಿ ಟೈಪ್ ಮಾಡಿಸಿದ್ದು. ಇನ್ನೊಂದು ಬ್ಯಾಂಕ್ ಖಾತೆಗಳದ್ದು, ಇಂಗ್ಲಿಷಿನಲ್ಲಿದೆ. ಎರಡರಲ್ಲೂ ಸುಮಾರು 600 ಹೆಸರು. ಯಾರಿಗೆ ಯಾವ ಖಾತೆ ಅಂತ ಹೊಂದಿಸಬೇಕು. ಕನ್ನಡ ಪಟ್ಟಿಯಲ್ಲೇ ಒಬ್ಬರ ಹೆಸರು ಎರಡು ಸಲ ಬಂದಿದ್ದರೆ ಅದನ್ನೂ ಹಿಡಿಯಬೇಕು.

ಕಳೆದ ಸಲ ಬರೀ ಕಣ್ಣಲ್ಲಿ ನೋಡಿ ಹೊಂದಿಸಿದ್ದರು. ಕೆಂಪಮ್ಮನ ಬೋನಸ್ ಕೆಂಚಮ್ಮನ ಖಾತೆಗೆ ಹೋಯಿತು. ಇಬ್ಬರದ್ದೂ ಒಂದೇ ಬೀದಿ. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಕಡೆಯವರು ಊಹಿಸಿಕೊಳ್ಳುತ್ತಾರೆ.

ಈ ಸಲ ನಾನು ಲೆವೆನ್‌ಶ್ಟೈನ್ ಅಂತರ ಹಾಕಿ ನೋಡಿದೆ. ಒಂದು ಪದವನ್ನು ಇನ್ನೊಂದು ಪದ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಅನ್ನುವ ಲೆಕ್ಕ. ಸಿದ್ದಮ್ಮ, ಸಿದ್ಧಮ್ಮ ನಡುವೆ ಅಂತರ 1 ಬಂತು. ಕೆಂಪಮ್ಮ, ಕೆಂಚಮ್ಮ ನಡುವೆಯೂ 1. ಮೊದಲ ಜೋಡಿ ಒಬ್ಬರೇ. ಎರಡನೇ ಜೋಡಿ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿಲ್ಲ. ನಾನೆಲ್ಲಿ ತಪ್ಪುತ್ತಿದ್ದೇನೆ?

ಒಂಟಿಕೊಪ್ಪಲ್ ಕೋಡರ್

ಲೆಕ್ಕ ಸರಿಯಾಗಿದೆ. ಲೆವೆನ್‌ಶ್ಟೈನ್‌ಗೆ ಕಿವಿ ಇಲ್ಲ, ಅಷ್ಟೇ. ವ್ಲಾದಿಮಿರ್ ಲೆವೆನ್‌ಶ್ಟೈನ್ 1965ರಲ್ಲಿ ಇದನ್ನು ಬರೆದಾಗ ಅವರ ಎದುರಿಗಿದ್ದದ್ದು ಜನರ ಹೆಸರಲ್ಲ, ಸೊನ್ನೆ-ಒಂದರ ಸಾಲುಗಳು. ಕಳಿಸುವಾಗ ದಾರಿಯಲ್ಲಿ ಒಂದು ಬಿದ್ದುಹೋದರೆ ಅಥವಾ ಒಂದು ಸೇರಿಕೊಂಡರೆ ಹೇಗೆ ಸರಿಪಡಿಸುವುದು ಅನ್ನುವುದು ಅವರ ಪ್ರಶ್ನೆ. ಹಾಗಾಗಿ ಅದಕ್ಕೆ ಪ-ಚ ಎಷ್ಟು ದೂರವೋ ದ-ಧ ಕೂಡ ಅಷ್ಟೇ ದೂರ.

ಕಿವಿ ಇಟ್ಟುಕೊಂಡು ಹುಟ್ಟಿದ್ದು ಸೌಂಡೆಕ್ಸ್, ಹೆಸರು ಕಿವಿಗೆ ಕೇಳುವ ರೀತಿಗೆ ಸಂಕೇತ ಕೊಡುವ ಕ್ರಮ. ಅಮೆರಿಕದ ರಾಬರ್ಟ್ ರಸೆಲ್ ಇದಕ್ಕೆ 1918ರಲ್ಲೇ ಪೇಟೆಂಟ್ ಪಡೆದರು, ಕಂಪ್ಯೂಟರ್ ಹುಟ್ಟುವ ಮುಂಚೆ. 1930ರ ದಶಕದಲ್ಲಿ ಅಲ್ಲಿ ಹಳೇ ಜನಗಣತಿಯ ಹೆಸರುಗಳನ್ನು ಈ ಕ್ರಮದಲ್ಲಿ ಕಾರ್ಡಿಗೆ ಇಳಿಸಿದರು. ಪಿಂಚಣಿ ಕೇಳಲು ಬಂದವರ ಹತ್ತಿರ ಹುಟ್ಟಿದ ದಾಖಲೆ ಇರುತ್ತಿರಲಿಲ್ಲ. 1880ರ ಗಣತಿಯಲ್ಲಿ ಮಗುವಾಗಿ ಹೆಸರಿದೆಯಾ ಅಂತ ಹುಡುಕಿ ವಯಸ್ಸು ಒಪ್ಪುತ್ತಿದ್ದರು. ನಮ್ಮ ತಾತಂದಿರ ಕಥೆಯೂ ಹೆಚ್ಚುಕಮ್ಮಿ ಇದೇ ಅಲ್ವಾ?

ನಿಯಮ ಸುಲಭ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಹಾಗೇ ಇಡಿ. ಸ್ವರ, ಎಚ್, ಡಬ್ಲ್ಯು, ವೈ ಬಿಟ್ಟುಬಿಡಿ. ಬಿ, ಎಫ್, ಪಿ, ವಿ ಬಂದರೆ 1. ಸಿ, ಜಿ, ಜೆ, ಕೆ, ಎಸ್ ಥರದವು 2. ಡಿ, ಟಿ 3. ಎಲ್ 4. ಎಂ, ಎನ್ 5. ಆರ್ 6. ನಡುವೆ ಸ್ವರ ಇಲ್ಲದೆ ಒಂದೇ ಅಂಕಿ ಪಕ್ಕಪಕ್ಕ ಬಂದರೆ ಒಂದೇ ಸಲ ಬರೆಯಿರಿ. ಒಟ್ಟು ಒಂದು ಅಕ್ಷರ, ಮೂರು ಅಂಕಿ. ಸಾಲದಿದ್ದರೆ ಸೊನ್ನೆ.

ಗೌಡ ಅನ್ನುವುದನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. ನಡುವೆ ಓ-ಡಬ್ಲ್ಯು, ಓ-ಯು, ಎ-ಯು. ಮೂರಕ್ಕೂ ಸೌಂಡೆಕ್ಸ್ ಕೊಡುವುದು ಜಿ300. ಚೆನ್ನಾಗಿದೆ ಅಲ್ವಾ? ಈಗ ಗದ್ದೆ ಅಂತ ಬರೆದು ನೋಡಿ. ಅದೂ ಜಿ300. ಗುಡಿಯೂ ಜಿ300.

ಬೆಲ್ಲದಚ್ಚು

ಗೌಡರೂ ಗದ್ದೆಯೂ ಒಂದೇ ಅನ್ನುವ ಸಾಫ್ಟ್‌ವೇರನ್ನು ಮಂಡ್ಯಕ್ಕೆ ತಂದರೆ ಅಪ್ಪ ಮೆಚ್ಚಿಕೊಂಡಾರು, ಆದರೆ ಬೋನಸ್ ಹಂಚುವುದಕ್ಕೆ ಆಗುವುದಿಲ್ಲ ಅಣ್ಣ 😄

ಒಂಟಿಕೊಪ್ಪಲ್ ಕೋಡರ್

ಇನ್ನೂ ಇದೆ ಕೇಳಿ. ಮೊದಲ ಅಕ್ಷರ ಮುಟ್ಟಬಾರದು ಅನ್ನುವ ನಿಯಮದಿಂದ ಕಾವೇರಿ ಎರಡಾಗುತ್ತಾಳೆ. ಈಗಿನ ಬರಹದಲ್ಲಿ ಕೆ160, ಬ್ರಿಟಿಷರ ಕಾಲದ ಬರಹದಲ್ಲಿ ಸಿ160. ಶ್ರೀರಂಗಪಟ್ಟಣದ ಗತಿ ಇನ್ನೂ ಮಜಾ. ಈಗ ಬರೆಯುವ ರೀತಿಯಲ್ಲಿ ಎಸ್665. ಬ್ರಿಟಿಷರು ಸೆರಿಂಗಪಟಂ ಅಂತ ಒಂದು ಆರ್ ನುಂಗಿದ್ದರಲ್ಲ, ಅದಕ್ಕೆ ಎಸ್652. ಒಂದೇ ಊರು, ಎರಡು ಸಂಕೇತ. ಅತ್ತ ತಮಿಳುನಾಡಿನ ಶ್ರೀರಂಗಂ ಬಂದು ನಮ್ಮ ಎಸ್665ರಲ್ಲೇ ಕೂರುತ್ತದೆ. ಮೂರು ಅಂಕಿ ತುಂಬಿದ ಮೇಲೆ ಅದು ಮುಂದೆ ಓದುವುದೇ ಇಲ್ಲ. ಮೈಸೂರು ಮಾತ್ರ ಪಾಸು. 2014ರ ನವೆಂಬರ್ 1ಕ್ಕೆ ಮುಂಚಿನ ಇಂಗ್ಲಿಷ್ ಹೆಸರಿಗೂ ಈಗಿನದಕ್ಕೂ ಎಂ260.

1990ರಲ್ಲಿ ಲಾರೆನ್ಸ್ ಫಿಲಿಪ್ಸ್ ಮಾಡಿದ ಮೆಟಾಫೋನ್ ಇದಕ್ಕಿಂತ ಜಾಣ. ಆದರೆ ಅದರ ಜಾಣತನವೆಲ್ಲ ಇಂಗ್ಲಿಷಿನದು. ನಾವು ತಾಯಮ್ಮ ಬರೆಯುವಾಗ ತ-ಕ್ಕೆ ಟಿ-ಎಚ್ ಹಾಕುತ್ತೇವೆ, ಕೆಲವರು ಬರೀ ಟಿ ಹಾಕುತ್ತಾರೆ. ಮೆಟಾಫೋನ್‌ಗೆ ಟಿ-ಎಚ್ ಕಂಡರೆ ಬೇರೆಯೇ ಧ್ವನಿ. ಒಬ್ಬ ತಾಯಮ್ಮ ಇಬ್ಬರಾಗುತ್ತಾರೆ. ಇಲ್ಲಿ ಹಳೇ ಸೌಂಡೆಕ್ಸೇ ವಾಸಿ.

ಕನ್ನಡ ಲಿಪಿಯನ್ನೇ ನೇರ ಕೊಡುತ್ತೇನೆ ಅಂದರೆ ಇನ್ನೂ ಕಷ್ಟ. ಸೌಂಡೆಕ್ಸ್, ಮೆಟಾಫೋನ್ ಎರಡೂ ಯುಟಿಎಫ್-8ನಂಥ, ಒಂದು ಅಕ್ಷರಕ್ಕೆ ಹಲವು ಬೈಟ್ ಹಿಡಿಯುವ ಸಂಕೇತಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸಿನ ಕೈಪಿಡಿಯಲ್ಲೇ ಬರೆದಿದೆ.

ಹಳೇ ಮೇಷ್ಟ್ರು

ನನಗೆ ನಿಮ್ಮ ಕೋಡು ಗೊತ್ತಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ಮಕ್ಕಳ ತಪ್ಪು ತಿದ್ದಿದ್ದೇನೆ. ಆ ಲೆಕ್ಕದಲ್ಲಿ ಎರಡು ಮಾತು.

ಮಗು, ತಪ್ಪು ಎಲ್ಲಿ ಹುಟ್ಟಿತು ಅಂತ ಮೊದಲು ನೋಡು. ನಿನ್ನ ಪಟ್ಟಿಯಲ್ಲಿ ಮೂರು ಜಾತಿಯ ತಪ್ಪು ಬೆರೆತಿದೆ ಅಂತ ನನ್ನ ಅನುಮಾನ. ಒಂದು ಕಿವಿಯ ತಪ್ಪು. ರಿಜಿಸ್ಟರ್ ಬರೆದವರು ಹೇಳಿದ್ದನ್ನು ಕೇಳಿ ಬರೆದಿದ್ದಾರೆ. ನಮ್ಮ ಕಡೆ ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಹೊಂಬಾಳಮ್ಮ ಬಂದು ಹೆಸರು ಹೇಳಿದರೆ ಒಬ್ಬರು ಒಂಬಾಳಮ್ಮ ಅಂತ ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ವಂಬಾಳಮ್ಮ ಅಂತ. ಮಹಾಪ್ರಾಣ ಯಾರ ಬಾಯಲ್ಲೂ ಇಲ್ಲ, ಆದ್ದರಿಂದ ಸಿದ್ದ, ಸಿದ್ಧ ಬರೆಯುವವನ ಇಷ್ಟ. ಎರಡನೆಯದು ಬೆರಳಿನ ತಪ್ಪು, ಟೈಪ್ ಮಾಡುವಾಗ ಆಗುವುದು. ಅದಕ್ಕೂ ಉಚ್ಚಾರಣೆಗೂ ಸಂಬಂಧವೇ ಇರುವುದಿಲ್ಲ. ಮೂರನೆಯದು ಇಂಗ್ಲಿಷಿಗೆ ಹೋಗಿ ಬಂದ ತಪ್ಪು. ಕೆ-ಎ-ಎಲ್-ಎ ಅಂತ ಬ್ಯಾಂಕಿನಲ್ಲಿದ್ದರೆ ಅದು ಕಲಾ ಅನ್ನುವ ಹುಡುಗಿಯೋ ಕಾಳ ಅನ್ನುವ ಮುದುಕನೋ? ಮೂರಕ್ಕೂ ಒಂದೇ ಔಷಧಿ ಕೊಟ್ಟರೆ ವಾಸಿಯಾಗುವುದಿಲ್ಲ.

ಎರಡನೇ ಮಾತು. ಲ-ಳ ಒಂದು ಮಾಡಿಬಿಡೋಣ, ಹ್ರಸ್ವ-ದೀರ್ಘ ಒಂದು ಮಾಡಿಬಿಡೋಣ ಅಂತ ಯಾರಾದರೂ ಹೇಳುತ್ತಾರೆ, ಕಾಯುತ್ತಿದ್ದೇನೆ. ಹಾಗೆ ಮಾಡಿದರೆ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಹಳ್ಳಿ ಹಲ್ಲಿಯಾಗುತ್ತದೆ, ಕಲ್ಲು ಕಳ್ಳಾಗುತ್ತದೆ, ಹುಲಿ ಹುಳಿಯಾಗುತ್ತದೆ. ಧನಸಹಾಯ ಕೇಳಿದವನ ಮನೆಗೆ ದನ ಹೋಗುತ್ತದೆ. (ನಿನ್ನ ಡೇರಿಗೆ ಅದೇ ಬೇಕಾಗಿರಬಹುದು, ಆ ಮಾತು ಬೇರೆ.)

ಡಿಟಿಪಿ ಅಣ್ಣ

ಬೆರಳಿನ ತಪ್ಪು ಅಂದಿರಲ್ಲ ಮೇಷ್ಟ್ರೇ, ನೇರ ನಮ್ಮ ಅಂಗಡಿ ಬಾಗಿಲಿಗೇ ಬಂದಿರಿ! ಮಂಡ್ಯದ ನೂರಡಿ ರಸ್ತೆ ಹತ್ತಿರ ಹದಿನೆಂಟು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ಈ ಪಟ್ಟಿ ನಾನು ಮಾಡಿದ್ದೋ ಏನೋ ಗೊತ್ತಿಲ್ಲ, ಮಾಡಿದ್ದರೂ ಒಪ್ಪಿಕೊಳ್ಳುವುದಿಲ್ಲ.

ಅಕ್ಕ, ಒಂದು ಕೆಲಸ ಮಾಡಿ. ನಿಮ್ಮ ಫೈಲಿನಲ್ಲಿ ಮಂಡ್ಯ ಅಂತ ಹುಡುಕಿ. ಆಮೇಲೆ ಮ೦ಡ್ಯ ಅಂತ ಹುಡುಕಿ. ಕಣ್ಣಿಗೆ ಎರಡೂ ಒಂದೇ. ಎರಡನೆಯದರಲ್ಲಿ ನಾನು ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕಿದ್ದೇನೆ. ಅವಸರದಲ್ಲಿ ಎಷ್ಟೋ ಜನ ಹೀಗೆ ಹಾಕುತ್ತಾರೆ. ಪ್ರಿಂಟ್ ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಲಿಂಗೇಗೌಡ, ಕೆಂಪಮ್ಮ, ನಂಜಮ್ಮ, ನಮ್ಮ ಕಡೆ ಹೆಸರಲ್ಲಿ ಅನುಸ್ವಾರ ಎಷ್ಟು ಜಾಸ್ತಿ ಅಂತ ನಿಮಗೇ ಗೊತ್ತು.

ಇನ್ನೊಂದು, ಕಾಣದ ಅಕ್ಷರ. ರ‍್ಯಾಂಕ್ ಅಂತ ಬರೆಯುವಾಗ ರ-ಕ್ಕೆ ಯ ಒತ್ತು ಬರಲಿ, ಅರ್ಕಾವತ್ತು ಬರದಿರಲಿ ಅಂತ ನಡುವೆ ಒಂದು ಜೋಡಿಸುವ ಗುರುತು ಹಾಕುತ್ತೇವೆ. ಸಾಫ್ಟ್‌ವೇರ್ ಅಂತ ಬರೆಯುವಾಗ ಬಿಡಿಸುವ ಗುರುತು. ಅವು ಪರದೆ ಮೇಲೆ ಕಾಣುವುದಿಲ್ಲ, ಕಂಪ್ಯೂಟರ್ ಮಾತ್ರ ಎಣಿಸಿಕೊಳ್ಳುತ್ತದೆ. ಹಳೇ ಫೈಲನ್ನು, ಪ್ರತಿ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯೂನಿಕೋಡ್‌ಗೆ ಬದಲಾಯಿಸಿದಾಗ ಹೆಸರಿನ ಕೊನೆಯಲ್ಲೂ ಇಂಥವು ಅಂಟಿಕೊಂಡು ಉಳಿದಿರುತ್ತವೆ.

ಒಂಟಿಕೊಪ್ಪಲ್ ಕೋಡರ್

ಡಿಟಿಪಿ ಅಣ್ಣ ಹೇಳಿದ್ದು ಚಿನ್ನದಂಥ ಮಾತು. ಹೋಲಿಸುವ ಮುಂಚೆ ತೊಳೆಯಬೇಕು. ಸೊನ್ನೆಯನ್ನು ಅನುಸ್ವಾರ ಮಾಡಿ, ಆದರೆ ಅಕ್ಕಪಕ್ಕ ಅಕ್ಷರ ಇದ್ದಾಗ ಮಾತ್ರ. ಇಲ್ಲದಿದ್ದರೆ ಸದಸ್ಯರ ನಂಬರೂ ಕೆಡುತ್ತದೆ. ಹೆಸರಿನಲ್ಲಿ ಕಾಣದ ಗುರುತು ಇದ್ದರೆ ತೆಗೆಯಿರಿ. ಆಮೇಲೆ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಸಿದ್ದೇಗೌಡದ 'ದೇ' ಎರಡು ಥರ ಕೂತಿರಬಹುದು. ದ ಜೊತೆ ಏತ್ವ ಒಂದೇ ಸಂಕೇತವಾಗಿ, ಅಥವಾ ಎತ್ವ ಒಂದು, ದೀರ್ಘದ ಗುರುತು ಇನ್ನೊಂದಾಗಿ. ಎನ್‌ಎಫ್‌ಸಿ ಎರಡನ್ನೂ ಒಂದು ಮಾಡುತ್ತದೆ.

ಶಾರ್ಟ್‌ಕಟ್

ಇಷ್ಟೆಲ್ಲ ಯಾಕೆ ಗುರು? ಎರಡೂ ಪಟ್ಟಿ ಎಐಗೆ ಹಾಕಿ, ಹೊಂದಿಸು ಅನ್ನಿ. ಮುಗೀತು.

ಬೆಲ್ಲದಚ್ಚು

ಊರಿನ 600 ಜನರ ಹೆಸರು, ಖಾತೆ ನಂಬರು ಹೊರಗಡೆ ಎಲ್ಲೋ ಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಮತ್ತೆ ಕೆಂಪಮ್ಮ ಬಂದು "ಯಾಕವ್ವ ಹಿಂಗಾಯ್ತು?" ಅಂತ ಕೇಳಿದರೆ ನಾನು ಕಾರಣ ಹೇಳಬೇಕಲ್ಲ.

ಮೇಷ್ಟ್ರೇ, ನೀವು ಹೇಳಿದ ಮೂರು ಜಾತಿ ನಿಜ. ನಿನ್ನೆ ರಾತ್ರಿ ಕೂತು ಜೋಡಿ ಜೋಡಿಯಾಗಿ ನೋಡಿದೆ. ಕನ್ನಡ ಪಟ್ಟಿಯೊಳಗೆ ಇರುವುದೆಲ್ಲ ಕಿವಿ, ಬೆರಳು. ಬ್ಯಾಂಕ್ ಪಟ್ಟಿಯ ಜೊತೆ ಹೋಲಿಸಿದಾಗ ಮಾತ್ರ ಮೂರನೆಯದು. ಹಾಗಾಗಿ ಎರಡು ಬೇರೆ ಬೇರೆ ಕೆಲಸ ಅಂತ ಮಾಡಿಕೊಂಡರೆ ಹೇಗೆ?

ಒಂಟಿಕೊಪ್ಪಲ್ ಕೋಡರ್

ಹಾಗೇ ಮಾಡಿ.

ಕನ್ನಡ-ಕನ್ನಡ ಹೋಲಿಸುವಾಗ ಅಕ್ಷರ ಎಣಿಸಬೇಡಿ, ಧ್ವನಿ ಎಣಿಸಿ. ಹೊಂಬಾಳಮ್ಮ, ಒಂಬಾಳಮ್ಮ ತೆಗೆದುಕೊಳ್ಳಿ. ಬಾಯಲ್ಲಿ ಬಿದ್ದಿರುವುದು ಒಂದೇ ಧ್ವನಿ, ಹ್. ಆದರೆ ಯೂನಿಕೋಡ್‌ನಲ್ಲಿ ಹೊ ಅಂದರೆ ಹ ಒಂದು, ಒತ್ವ ಒಂದು. ಒ ಅಂದರೆ ಮೂರನೆಯದೇ ಒಂದು ಸಂಕೇತ. ಹ ಹೋಗಿ ಒ ಬರಬೇಕು, ಒತ್ವ ಅಳಿಯಬೇಕು. ಅಂತರ 2. ಅಂದರೆ ಒಂದೇ ಮುದುಕಿ ಕೆಂಪಮ್ಮ-ಕೆಂಚಮ್ಮರಿಗಿಂತ ದೂರ! ಮೊದಲು ಹ್+ಒ ಅಂತ ಬಿಡಿಸಿಕೊಂಡರೆ ಅಂತರ 1ಕ್ಕೆ ಬರುತ್ತದೆ. ಮಕ್ಕಳಿಗೆ ಕಾಗುಣಿತ ಬಿಡಿಸಿ ಬರೆಸುತ್ತಾರಲ್ಲ, ಅದೇ.

ಆಮೇಲೆ ಪ್ರತಿ ಬದಲಾವಣೆಗೂ ಬೇರೆ ಬೇರೆ ದಂಡ ಹಾಕಿ. ನಾನಾದರೆ ಹೀಗೆ ಇಡುತ್ತೇನೆ. ದ-ಧ, ಕ-ಖ ಥರದ್ದಕ್ಕೆ ದಂಡವೇ ಇಲ್ಲ. ಶ-ಷ 0.1. ಸ-ಶ 0.2. ಲ-ಳ, ನ-ಣ, ಹ್ರಸ್ವ-ದೀರ್ಘ, ಪದದ ಮೊದಲಿನ ಹ್ ಬಿದ್ದುಹೋಗುವುದು, ಇವಕ್ಕೆ 0.3. ಉಳಿದದ್ದೆಲ್ಲ 1. ಈಗ ಸಿದ್ದಮ್ಮ-ಸಿದ್ಧಮ್ಮ ಸೊನ್ನೆ. ಕೆಂಪಮ್ಮ-ಕೆಂಚಮ್ಮ 1ರಲ್ಲೇ ನಿಂತರು. ಮೇಷ್ಟ್ರ ಬೆಲೆ-ಬೇಳೆ 0.6, ಸತ್ತೂ ಹೋಗಲಿಲ್ಲ, ಒಂದೂ ಆಗಲಿಲ್ಲ.

ನಮ್ಮ ವರ್ಣಮಾಲೆಯ ಉಪಕಾರ ಇಲ್ಲಿ ಗೊತ್ತಾಗುತ್ತದೆ. ಇಂಗ್ಲಿಷಿನವರು ಯಾವ ಅಕ್ಷರ ಯಾವುದರ ನೆಂಟ ಅಂತ ಕೂತು ಗುಂಪು ಮಾಡಬೇಕಾಯಿತು. ನಮ್ಮಲ್ಲಿ ಕ ಖ ಗ ಘ ಙ ಅಂತ ಬಾಯಿಯ ಜಾಗದ ಪ್ರಕಾರ ಮೊದಲೇ ಸಾಲಾಗಿ ನಿಲ್ಲಿಸಿದ್ದಾರೆ. ಯೂನಿಕೋಡ್‌ನಲ್ಲೂ ಅದೇ ಸಾಲು. ತೆಲುಗಿನ ಕ ನಮ್ಮ ಕ-ಕ್ಕಿಂತ ಸರಿಯಾಗಿ 128 ಸ್ಥಾನ ಹಿಂದಿದೆ, ಹೆಚ್ಚಿನ ಅಕ್ಷರಗಳದ್ದೂ ಇದೇ ಲೆಕ್ಕ.

ತಂಬೂರಿ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಮೈಸೂರಿನಲ್ಲಿ ಸಂಗೀತ ಪಾಠ ಹೇಳುತ್ತೇನೆ. ವ್ಯಂಜನಕ್ಕೆ ಅಂಕಿ ಕೊಟ್ಟು ಸ್ವರ ಬಿಟ್ಟುಬಿಡುವುದು ಅಂದಾಗ ನನಗೆ ಕಟಪಯಾದಿ ನೆನಪಾಯಿತು, ಅಕ್ಷರದಲ್ಲಿ ಅಂಕಿ ಅಡಗಿಸುವ ಹಳೇ ಕ್ರಮ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತ ರಾಗಗಳ ನಂಬರು ಹೆಸರಲ್ಲೇ ಇರುತ್ತದೆ. ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುಗಿಸಿದರೆ 15ನೇ ಮೇಳ. ಧೀರಶಂಕರಾಭರಣದಲ್ಲಿ ಧ 9, ರ 2, ಅಂದರೆ 29. ಮೇಚಕಲ್ಯಾಣಿ 65. ಇದೂ ಒಂದು ಸೌಂಡೆಕ್ಸ್ ತಾನೆ?

ಒಂಟಿಕೊಪ್ಪಲ್ ಕೋಡರ್

ಅಕ್ಕಂದಿರೇ, ವೇಷ ಒಂದೇ, ಕೆಲಸ ಉಲ್ಟಾ. ಕಟಪಯಾದಿಯಲ್ಲಿ ಕ, ಟ, ಪ, ಯ ನಾಲ್ಕಕ್ಕೂ 1. ಕೇಳಲು ಒಂದಕ್ಕೊಂದು ಸಂಬಂಧವೇ ಇಲ್ಲ. ಅದು ನೆನಪಿಟ್ಟುಕೊಳ್ಳಲು ಮಾಡಿದ್ದು, ಹೋಲಿಸಲು ಅಲ್ಲ. ಆದರೆ ಉದಾಹರಣೆ ಸಕತ್ತಾಗಿದೆ, ಆಫೀಸಿನಲ್ಲಿ ಹೇಳುತ್ತೇನೆ.

ಸರಿ, ಬ್ಯಾಂಕ್ ಪಟ್ಟಿಗೆ ಬರೋಣ. ಇಂಗ್ಲಿಷ್ ಹೆಸರನ್ನು ಕನ್ನಡ ಮಾಡಲು ಹೋಗಬೇಡಿ. ಅಲ್ಲಿ ಕಳೆದುಹೋದದ್ದು ವಾಪಸ್ ಬರುವುದಿಲ್ಲ. ಬದಲಿಗೆ ಎರಡನ್ನೂ ಕೆಳಗಿಳಿಸಿ, ಬರೀ ಮೂಳೆ ಉಳಿಸಿ. ತ ಥ ಟ ಠ ಎಲ್ಲ ತ. ದ ಧ ಡ ಢ ಎಲ್ಲ ದ. ಲ ಳ ಒಂದು, ನ ಣ ಒಂದು. ಒತ್ತು ತೆಗೆಯಿರಿ, ಪದದ ಮೊದಲಿನದು ಬಿಟ್ಟು ಸ್ವರ ತೆಗೆಯಿರಿ. ಸಿದ್ದೇಗೌಡ ಹೀಗೆ ಸ-ದ-ಗ-ದ ಆಗುತ್ತದೆ. ಬ್ಯಾಂಕಿನವರು ಡಿ ಒಂದು ಹಾಕಲಿ, ಎರಡು ಹಾಕಲಿ, ಡಿ-ಎಚ್ ಹಾಕಲಿ, ಗೌಡ ಬಿಡಿಸಿ ಬರೆಯಲಿ, ಅಲ್ಲೂ ಸ-ದ-ಗ-ದ.

ಡಬ್ಲ್ಯು ಒಂದು ತರಲೆ. ಗೌಡದಲ್ಲಿ ಅದು ಸ್ವರದ ಬಾಲ, ಬಿಡಬೇಕು. ಜವರೇಗೌಡವನ್ನು ಕೆಲವರು ಡಬ್ಲ್ಯುನಲ್ಲೇ ಬರೆಯುತ್ತಾರೆ, ಅಲ್ಲಿ ಅದು ವ, ಇಟ್ಟುಕೊಳ್ಳಬೇಕು. ಮುಂದೆ ಸ್ವರ ಇದ್ದರೆ ಇಡಿ, ವ್ಯಂಜನ ಇದ್ದರೆ ಬಿಡಿ. ಇಷ್ಟು ಸಾಕಾಯಿತು ನನಗೆ.

ಎರಡು ಹೆಸರು ಎಷ್ಟು ಹೋಲುತ್ತವೆ ಅಂತ ಮಾರ್ಕ್ಸ್ ಕೊಡುವ ಜಾರೋ-ವಿಂಕ್ಲರ್ ಲೆಕ್ಕ ಹಾಕಿ ಅಂತ ಯಾರಾದರೂ ಹೇಳಿದರೆ ಸ್ವಲ್ಪ ನಿಧಾನ. ಅದು ಹೆಸರಿನ ಮೊದಲ ನಾಲ್ಕು ಅಕ್ಷರದವರೆಗೆ ಸರಿ ಇದ್ದರೆ ಮಾರ್ಕ್ಸ್ ಜಾಸ್ತಿ ಕೊಡುತ್ತದೆ. ಚಿಕ್ಕ ಅನ್ನುವುದು ಯೂನಿಕೋಡ್‌ನಲ್ಲಿ ಐದು ಸಂಕೇತ. ಚಿಕ್ಕತಾಯಮ್ಮ, ಚಿಕ್ಕಬೋರಮ್ಮ ಇಬ್ಬರೂ ಪೂರ್ತಿ ಬೋನಸ್ ತಗೊಂಡು ಕೂರುತ್ತಾರೆ. ಹಿಂದೆ ಅಮ್ಮನೂ ಒಂದೇ. ನಮ್ಮ ಹೆಸರುಗಳಲ್ಲಿ ತಲೆಯೂ ಬಾಲವೂ ಎಲ್ಲರದ್ದೂ ಒಂದೇ ಥರ, ಮನುಷ್ಯ ಇರುವುದು ನಡುವೆ.

ಹಳೇ ಮೇಷ್ಟ್ರು

ಊರಿನ ಹೆಸರು ಹೊಂದಿಸುವವರಿಗೆ ಒಂದು ಸವಾಲು ಬಿಟ್ಟು ಹೋಗುತ್ತೇನೆ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು, ಹಿರೋಡೆ ಅಂತಲೂ ಇತ್ತು. ಕೃಷ್ಣರಾಜಪೇಟೆ ಅತ್ತಿಕುಪ್ಪೆ. ಯಾವ ದಂಡ ಹಾಕಿ ಹೊಂದಿಸುತ್ತೀರಿ?

ಒಂಟಿಕೊಪ್ಪಲ್ ಕೋಡರ್

ಅದಕ್ಕೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದೇ ದಾರಿ ಸರ್. ಶರಣಾದೆ.

ಬೆಲ್ಲದಚ್ಚು

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲು ತೊಳೆದೆ. ಡಿಟಿಪಿ ಅಣ್ಣ, ನಿಮ್ಮ ಸೊನ್ನೆ ಸಿಕ್ಕಿತು. ಒಂದಲ್ಲ, ಒಂದು ಪುಟದ ತುಂಬ! ಯಾರೋ ಒಬ್ಬರು ಒಂದು ಮಧ್ಯಾಹ್ನ ಪೂರ್ತಿ ಅನುಸ್ವಾರದ ಬದಲು ಸೊನ್ನೆಯನ್ನೇ ಒತ್ತಿದ್ದಾರೆ. ತೊಳೆದ ಮೇಲೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಆಮೇಲೆ ಮೂಳೆ ಲೆಕ್ಕ. 600ಕ್ಕೆ 600 ಹೋಲಿಸಿದರೆ 3,60,000 ಜೋಡಿ, ನನ್ನ ಹಳೇ ಲ್ಯಾಪ್‌ಟಾಪೇ ಟೀ ಕುಡಿಯುವಷ್ಟರಲ್ಲಿ ಮುಗಿಸಿತು. ಬರೀ ಹೆಸರಲ್ಲ, ಗಂಡನ ಅಥವಾ ಅಪ್ಪನ ಹೆಸರನ್ನೂ ಜೊತೆಗೆ ಹೋಲಿಸಿದೆ. ನಮ್ಮ ರಿಜಿಸ್ಟರಿನಲ್ಲಿ ಪಹಣಿಯಲ್ಲಿ ಇರುವ ಹಾಗೇ ಕೆಂಪಮ್ಮ ಕೋಂ ಇಂಥವರು, ಜವರೇಗೌಡ ಬಿನ್ ಇಂಥವರು ಅಂತ ಇದೆ. ಅದರಿಂದ ತುಂಬಾ ಉಪಯೋಗವಾಯಿತು. ಕಾಳ, ಕಲಾ ಅಲ್ಲೇ ಬೇರೆಯಾದರು.

ಅನುಮಾನದ ಜೋಡಿ 41 ಉಳಿಯಿತು. ಅವನ್ನು ಪ್ರಿಂಟ್ ತೆಗೆದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಡೇರಿ ಹತ್ತಿರ ನಿಂತೆ. ಹಾಲು ಹಾಕಲು ಕ್ಯಾನು ಹಿಡಿದು ಸಾಲಲ್ಲಿ ನಿಂತವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹೊಂಬಾಳಮ್ಮ, ಒಂಬಾಳಮ್ಮ ಅಂತ ನಾನು ಓದಿದರೆ ಯಾರಿಗೂ ವ್ಯತ್ಯಾಸವೇ ಕೇಳಿಸಲಿಲ್ಲ. "ಏನವ್ವ ಎಲ್ಡೆಲ್ಡು ಸಲ ಕರೀತೀಯ, ಬಂದೆ ಇರು" ಅಂತ ಅಜ್ಜಿ ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು. ಮುಕ್ಕಾಲು ಗಂಟೆಯಲ್ಲಿ 41 ಜೋಡಿಯೂ ಮುಗಿಯಿತು. ಕೆಂಪಮ್ಮ, ಕೆಂಚಮ್ಮ ಸಾಲಿನ ಎರಡು ತುದಿಯಲ್ಲಿದ್ದರು.

ಸಿಕ್ಕಿಕೊಂಡದ್ದು ಅನುಮಾನವೇ ಇಲ್ಲದ ಕಡೆ. ಜವರೇಗೌಡ ಬಿನ್ ಸಿದ್ದೇಗೌಡ ಅಂತ ಎರಡು ಸಾಲು ಇತ್ತು. ಹೆಸರಿಗೆ ಹೆಸರು ಸರಿ, ಅಪ್ಪನ ಹೆಸರೂ ಸರಿ. ಅಂತರ ಸೊನ್ನೆ. ಎರಡು ಸಲ ಬಂದಿದೆ ಅಂತ ಒಂದನ್ನು ಹೊಡೆದುಹಾಕಿದ್ದೆ. ಒಬ್ಬ ಹುಡುಗ ಬಂದು "ನನ್ನ ಹೆಸರೇ ಓದಲಿಲ್ಲವಲ್ಲಕ್ಕ" ಅಂದ. ಪಕ್ಕದಲ್ಲಿ ಅವನ ತಾತ ನಿಂತಿದ್ದರು. ತಾತ ಜವರೇಗೌಡ, ಅವರಪ್ಪ ಸಿದ್ದೇಗೌಡ. ತಾತ ತನ್ನ ಮಗನಿಗೆ ಅಪ್ಪನ ಹೆಸರಿಟ್ಟರು, ಸಿದ್ದೇಗೌಡ. ಆ ಮಗ ತನ್ನ ಮಗನಿಗೆ ಅಪ್ಪನ ಹೆಸರಿಟ್ಟರು, ಜವರೇಗೌಡ. ತಾತನೂ ಮೊಮ್ಮಗನೂ ಅಕ್ಷರ ಬಿಡದೆ ಒಂದೇ. ತಾತನ ಹಸು ಬೇರೆ, ಇವನ ಹಸು ಬೇರೆ, ಕ್ಯಾನು ಬೇರೆ.

ಹಳೇ ಮೇಷ್ಟ್ರು

ನನ್ನ ತಾತನ ಹೆಸರೂ ನನ್ನದೇ ಮಗು. ಇದು ಹೇಗೆ ಹೊಳೆಯಲಿಲ್ಲವೋ ನನಗೆ!

ಡಿಟಿಪಿ ಅಣ್ಣ

ಹಾಗಾದರೆ ಅದು ಟೈಪಿಂಗ್ ತಪ್ಪಲ್ಲ ತಾನೇ ಅಕ್ಕ?

ಬೆಲ್ಲದಚ್ಚು

ಅಲ್ಲ ಕಣಣ್ಣ, ಅದೊಂದು ಅಲ್ಲ. ಆ ಪುಟದ ಸೊನ್ನೆಗಳ ಲೆಕ್ಕ ಮಾತ್ರ ಮುಂದಿನ ವಾರ ನೂರಡಿ ರಸ್ತೆಗೆ ಬಂದು ತಗೊಳ್ಳುತ್ತೇನೆ.